ಮೊದಲ ಚಮಚ ಅತ್ತಿಗೆಯದು

ಹೊರಗೆ ತಿನ್ನುವವರನ್ನು ಕಂಡರೆ ಅತ್ತಿಗೆಗೆ ಒಂದು ಬಗೆಯ ಮರುಕ. ಪಾಪ, ಮನೆಯಲ್ಲಿ ಒಲೆ ಇಲ್ಲವೇನೋ, ಇದ್ದರೂ ಹಚ್ಚುವವರಿಲ್ಲವೇನೋ ಎಂಬಂತೆ ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಗಂಡ ಒತ್ತಾಯ ಮಾಡಿ ಒಂದು ತಿಂಡಿ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿನ ಅಡುಗೆಯವನು ಚಾಕುವನ್ನು ಪ್ಯಾಂಟಿಗೆ ಒರೆಸಿ, ಅದರಲ್ಲೇ ಬ್ರೆಡ್ಡು ಕೊಯ್ದದ್ದನ್ನು ಅವಳು ಕಣ್ಣಾರೆ ಕಂಡಳು. ಮುಗಿಯಿತು. ವರ್ಷಗಳು ಉರುಳಿ ಗಂಡನ ತಲೆ ನರೆತರೂ ಆ ಪ್ಯಾಂಟು ಅವಳ ಕಣ್ಣಿಂದ ಮರೆಯಾಗಲಿಲ್ಲ.

ಅವಳ ಕಸುಬು ಪರದೆ ಹೊಲಿಯುವುದು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಮೆಷಿನ್ನು, ಅದರ ಸುತ್ತ ಆಫೀಸುಗಳಿಂದ, ಲಾಡ್ಜುಗಳಿಂದ, ಆಸ್ಪತ್ರೆಗಳಿಂದ ಬಂದ ಬಟ್ಟೆಯ ರಾಶಿ. ದಪ್ಪ ಬಟ್ಟೆಗೆ ಸೂಜಿ ಹೊಕ್ಕಾಗ ಮೆಷಿನ್ನು ಗೊಣಗುತ್ತದೆ, ತೆಳು ಬಟ್ಟೆಗೆ ಹಾಡುತ್ತದೆ ಎನ್ನುತ್ತಿದ್ದಳು. ಊರಿನ ಅರ್ಧ ಕಿಟಕಿಗಳಿಗೆ ಪರದೆ ಹೊಲಿದವಳು, ಆ ಕಿಟಕಿಗಳಾಚೆಯ ಊರನ್ನು ಮಾತ್ರ ಕಂಡವಳಲ್ಲ.

ಊರು ಕಂಡವಳು ನಾದಿನಿ, ಗಂಡನ ಒಬ್ಬಳೇ ತಂಗಿ. ಸಿಟಿ ಬಸ್ಸಿನ ಕಂಡಕ್ಟರು. ಮದುವೆ ಬೇಡವೆಂದು ಡಿಪೋದ ಹತ್ತಿರವೇ ಒಂದು ಕೋಣೆ ಮಾಡಿಕೊಂಡಿದ್ದಳು. "ರೈಟ್, ರೈಟ್" ಎಂದು ಅವಳು ಕೂಗಿದರೆ ಬಸ್ಸು ಹೊರಡುವ ಮೊದಲು ಫುಟ್‌ಪಾತಿನ ಮೇಲಿದ್ದವರು ಹೆಜ್ಜೆ ಹಾಕುತ್ತಿದ್ದರಂತೆ. ಅದಕ್ಕೇ ಡ್ರೈವರುಗಳು ಅವಳಿಗೆ ರೈಟಮ್ಮ ಎಂದು ಹೆಸರಿಟ್ಟಿದ್ದರು. ಬಸ್ಸು ಓಣಿಯ ಬಾಯಿ ದಾಟುವಾಗಲೆಲ್ಲ ಬಾಗಿಲಿಗೆ ಜೋತುಬಿದ್ದು "ಅತ್ತಿಗೇ" ಎಂದು ಒಂದು ಕೂಗು ಹಾಕುತ್ತಿದ್ದಳು. ಕೇಳಿ ಕೇಳಿ ಓಣಿಯವರೂ ಪರದೆ ಹೊಲಿಯುವವಳನ್ನು ಅತ್ತಿಗೆ ಎಂದೇ ಕರೆಯತೊಡಗಿದರು. ತರಕಾರಿಯವನಿಗೂ ಅವಳು ಅತ್ತಿಗೆ, ತರಕಾರಿಯವನ ಅಪ್ಪನಿಗೂ ಅತ್ತಿಗೆ.

ರೈಟಮ್ಮನಿಗೆ ಹೊಟ್ಟೆಗಿಂತ ನಾಲಿಗೆ ದೊಡ್ಡದು. ಯಾವ ಸ್ಟಾಪಿನ ಹಿಂದಿನ ಸಂದಿಯಲ್ಲಿ ಯಾರ ಸೂಪು ದಪ್ಪ, ಯಾರ ಕೇಕು ಇವತ್ತಿನದು, ಯಾರದು ನಿನ್ನೆಯದಕ್ಕೆ ಇವತ್ತಿನ ಕೆನೆ ಬಳಿದದ್ದು, ಎಲ್ಲ ಅವಳಿಗೆ ಬಾಯಿಪಾಠ. ರಜೆಯ ದಿನ ಬಂದರೆ ತಾನು ಕೆಲಸ ಮಾಡದ ರೂಟಿನ ಬಸ್ಸು ಹತ್ತಿ, ಗೊತ್ತಿಲ್ಲದ ಬಡಾವಣೆಯಲ್ಲಿ ಇಳಿದು, ಜನ ನಿಂತು ತಿನ್ನುವ ಅಂಗಡಿ ಹುಡುಕುತ್ತಿದ್ದಳು. ತಿಂದು ಬಂದು ಅತ್ತಿಗೆಯ ಮೆಷಿನ್ನಿನ ಪಕ್ಕ ಕೂತು ವರದಿ ಒಪ್ಪಿಸುತ್ತಿದ್ದಳು. ಅತ್ತಿಗೆ ಮೂಗು ಮುರಿಯುತ್ತಲೇ ಎಲ್ಲ ಕೇಳುತ್ತಿದ್ದಳು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ರೈಟಮ್ಮನಿಗೆ ಎರಡೂ ಗೊತ್ತಿದ್ದವು. ಆದರೂ ರೋಗ ಬಂತು.

ಬಂದದ್ದು ಬಸ್ಸಿನಲ್ಲೇ. "ರೈ" ಎಂದವಳ ಬಾಯಿ ಅಲ್ಲಿಗೇ ನಿಂತುಹೋಯಿತು. ಡ್ರೈವರು ಕನ್ನಡಿಯಲ್ಲಿ ನೋಡುವಷ್ಟರಲ್ಲಿ ಅವಳು ಕಂಬಿ ಹಿಡಿದಂತೆಯೇ ಕುಸಿದಿದ್ದಳು. ಪುಣ್ಯಾತ್ಮ, ಜನರನ್ನೂ ಇಳಿಸದೆ ಬಸ್ಸನ್ನು ನೇರ ಆಸ್ಪತ್ರೆಗೆ ನುಗ್ಗಿಸಿದ. ಮೆದುಳಿನ ಒಂದು ರಕ್ತನಾಳ ಕಟ್ಟಿಕೊಂಡಿತ್ತು. ಬೇಗ ಬಂದದ್ದರಿಂದ ಜೀವ ಉಳಿಯಿತು, ಕೈಕಾಲು ನಿಧಾನಕ್ಕೆ ಮರಳಿದವು, ಮಾತೂ ತೊದಲುತ್ತ ಬಂತು. ಬಾರದೆ ಹೋದದ್ದು ಒಂದೇ: ನುಂಗುವುದು.

ನುಂಗುವುದನ್ನೂ ಕಲಿಸಬೇಕಾಗುತ್ತದೆ, ಅದಕ್ಕೆಂದೇ ಒಬ್ಬ ಡಾಕ್ಟರಮ್ಮ ಇರುತ್ತಾಳೆ ಎಂಬುದು ಅತ್ತಿಗೆಗೆ ಗೊತ್ತಾದದ್ದೇ ಆಗ. ಆ ಡಾಕ್ಟರಮ್ಮ ಹಾಸಿಗೆಯ ಪಕ್ಕ ಕೂತು ಬಿಡಿಸಿ ಹೇಳಿದಳು. "ಗಂಟಲಲ್ಲಿ ಎರಡು ದಾರಿ ಇರುತ್ತೆ ಅಮ್ಮ. ಒಂದು ಹೊಟ್ಟೆಗೆ, ಇನ್ನೊಂದು ಶ್ವಾಸಕ್ಕೆ. ಇವರಿಗೆ ಬಾಗಿಲು ಮುಚ್ಚೋದು ಸ್ವಲ್ಪ ತಡ ಆಗ್ತಿದೆ. ನೀರಿನ ಥರ ತೆಳುವಾಗಿರೋದು ಬಾಗಿಲು ಮುಚ್ಚೋ ಮೊದಲೇ ಶ್ವಾಸದ ದಾರಿಗೆ ನುಗ್ಗಿಬಿಡುತ್ತೆ. ಗಟ್ಟಿ ಇರೋದು ಸಿಕ್ಕಿಕೊಳ್ಳುತ್ತೆ. ನಡುವೆ ಇರಬೇಕು, ನುಣ್ಣಗೆ, ದಪ್ಪಗೆ, ಚಮಚದಿಂದ ಜಾರದ ಹಾಗೆ. ನೆಟ್ಟಗೆ ಕೂರಿಸಿ. ಗದ್ದ ಎದೆಗೆ ತಾಗಿಸಿ ನುಂಗಲಿ. ನುಂಗಿದ ಮೇಲೆ ಮಾತಾಡಿಸಿ. ಧ್ವನಿ ಗೊರಗೊರ ಅಂದ್ರೆ ಇನ್ನೂ ಒಳಗೆ ಉಳಿದಿದೆ ಅಂತ. ಕೆಮ್ಮಿಸಿ, ಮತ್ತೆ ನುಂಗಿಸಿ."

ಅತ್ತಿಗೆ ತಲೆಯಾಡಿಸಿದಳು. ನಾದಿನಿಯನ್ನು ತನ್ನ ಮನೆಗೆ ಕರೆತಂದಳು. ಆಹಾರಕ್ಕೆಂದು ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ್ದ ನಳಿಕೆಯನ್ನು ತೆಗೆದಿದ್ದರು. ಮೊದಲ ವಾರವೇ ಒಂದು ಮಧ್ಯಾಹ್ನ ಸೂಪು ಇನ್ನಷ್ಟು ದಪ್ಪವಾಗಬೇಕಿತ್ತೇನೋ. ಅತ್ತಿಗೆ ಕೊಟ್ಟ ಒಂದು ಚಮಚ ದಾರಿ ತಪ್ಪಿತು. ರೈಟಮ್ಮ ಕೆಮ್ಮಲೂ ಇಲ್ಲ, ಸುಮ್ಮನೆ ಕಣ್ಣಲ್ಲಿ ನೀರು ತುಂಬಿಕೊಂಡಳು. ಸಂಜೆಗೆ ಮೈ ಕೆಂಡ. ಶ್ವಾಸಕೋಶಕ್ಕೆ ನಂಜು ಏರಿ ಮತ್ತೆ ಆಸ್ಪತ್ರೆ ಸೇರಿದಳು, ಸಾವಿನ ಹೊಸ್ತಿಲು ಮುಟ್ಟಿ ಬಂದಳು.

ಆಮೇಲೆ ಅತ್ತಿಗೆ ಬದಲಾಗಿಬಿಟ್ಟಳು. ಅಡುಗೆಮನೆಯನ್ನು ಔಷಧಿ ಅಂಗಡಿ ಮಾಡಿದಳು. ಅನ್ನ ಮತ್ತು ಬೇಯಿಸಿದ ತರಕಾರಿಯನ್ನು ನುಣ್ಣಗೆ ರುಬ್ಬಿ, ಸೋಸಿ, ಬೂದು ಬಣ್ಣದ ಒಂದು ಹಿಟ್ಟಿನಂಥದ್ದು ಮಾಡುತ್ತಿದ್ದಳು. ಬೆಳಿಗ್ಗೆ ಅದೇ, ಮಧ್ಯಾಹ್ನ ಅದೇ, ಸಂಜೆ ಅದೇ. ಗೋಡೆಗೆ ಅಂಟಿಸಿದರೆ ಅಂಟಿಕೊಳ್ಳುವಂಥ ಆಹಾರ. ರೈಟಮ್ಮ ಕೆಲವು ದಿನ ತಿಂದಳು. ಆಮೇಲೆ ಕಡಿಮೆ ಮಾಡಿದಳು. ಆಮೇಲೆ ಚಮಚ ಹತ್ತಿರ ಬಂದರೆ ತುಟಿ ಬಿಗಿದು ಗೋಡೆ ನೋಡತೊಡಗಿದಳು.

"ತಿನ್ನು ತಾಯಿ," ಎಂದು ಅತ್ತಿಗೆ ಬೇಡಿಕೊಂಡಳು.

"ಇದು ತಿನ್ನೋದಲ್ಲ ಅತ್ತಿಗೆ. ತುಂಬೋದು." ಮಾತು ತೊದಲಿದರೂ ಅರ್ಥ ಸ್ಪಷ್ಟವಾಗಿತ್ತು.

ಮೂಳೆಗೆ ಚರ್ಮ ಹೊದಿಸಿದಂತಾದಳು. ತಪಾಸಣೆಗೆ ಹೋದಾಗ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದ ಡಾಕ್ಟರಮ್ಮನ ಮುಖ ಸಪ್ಪಗಾಯಿತು. "ತಿಂಗಳ ಕೊನೆಗೆ ಮತ್ತೆ ಬನ್ನಿ. ತೂಕ ಇನ್ನೂ ಇಳಿದಿದ್ರೆ ಹೊಟ್ಟೆಗೆ ತೂತು ಮಾಡಿ ನಳಿಕೆ ಹಾಕಬೇಕಾಗುತ್ತೆ. ಬೇರೆ ದಾರಿ ಇರಲ್ಲ."

ಅತ್ತಿಗೆಯ ಗಂಡ ನಲ್ಲಿ, ಪೈಪು ರಿಪೇರಿ ಮಾಡುವವನು. ಅಂದು ಮನೆಗೆ ಬಂದು ಉಪಕರಣದ ಚೀಲವನ್ನು ಮೂಲೆಗೆ ಇಟ್ಟವನು ಅದರ ಮೇಲೇ ಕೂತ. "ಊರಿಗೆಲ್ಲ ಪೈಪು ಹಾಕ್ತೀನಿ," ಅಂದ. "ತಂಗಿಗೆ ಹಾಕಿಸು ಅಂದ್ರೆ ಕೈಕಾಲೇ ಆಡ್ತಿಲ್ಲ. ಆದ್ರೂ ಸಾಯೋದಕ್ಕಿಂತ ಅದು ವಾಸಿ ಅಲ್ವಾ?"

ಒಳಕೋಣೆಯಿಂದ ರೈಟಮ್ಮನ ಧ್ವನಿ ಬಂತು. "ಅಲ್ಲ."

ಅತ್ತಿಗೆಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಒಳಗೆ ಹೋಗಿ ಮಂಚದ ತುದಿಗೆ ಕೂತು ಕೇಳಿದಳು. "ಹಾಗಾದ್ರೆ ಏನು ತಿಂತೀಯ ಹೇಳು. ಏನು ಕೊಟ್ಟರೆ ಬಾಯಿ ತೆಗೀತೀಯ?"

ರೈಟಮ್ಮ ಗೋಡೆಯಿಂದ ಮುಖ ಈಚೆಗೆ ತಿರುಗಿಸಿದಳು. ಆಮೇಲೆ ಹೇಳಿದಳು. "ಕೊನೇ ಸ್ಟಾಪಲ್ಲಿ ಅಣ್ಣ ತಮ್ಮಂದಿರ ಕಸ್ಟರ್ಡ್ ಅಂಗಡಿ ಇದೆ. ಅದು ಚಮಚದಿಂದ ಜಾರಲ್ಲ."

"ಇಲ್ಲಿಗೆ ತರಿಸ್ತೀನಿ."

"ಇಲ್ಲಿ ಬೇಡ. ಈ ಗೋಡೆ ನೋಡ್ತಾ ಬೇಡ. ಅಲ್ಲಿ ಕೂತು."

ಮಾರನೆಯ ದಿನ ಮಧ್ಯಾಹ್ನ ಅತ್ತಿಗೆ ನಾದಿನಿಯನ್ನು ಆಟೋ ಹತ್ತಿಸಿದಳು. ಚೀಲದಲ್ಲಿ ಮನೆಯ ಚಮಚ, ಎರಡು ಟವಲು. ಎದೆಯಲ್ಲಿ ಒಂದೇ ಪ್ರಶ್ನೆ: ಏನಾದರೂ ಆದರೆ ಗಂಡನಿಗೆ ಏನೆಂದು ಹೇಳಲಿ?

ಅಂಗಡಿ ಒಂದು ಕೋಣೆಯಷ್ಟೇ. ಮುಂದೆ ಅಣ್ಣ ಮಾರುತ್ತಾನೆ, ಹಿಂದೆ ತಮ್ಮ ಮಾಡುತ್ತಾನೆ, ಇಬ್ಬರಿಗೂ ಮಾತಿಲ್ಲ. ಗಿರಾಕಿಗಳ ಮೂಲಕವೇ ವ್ಯವಹಾರ. ಅಣ್ಣ ಅತ್ತಿಗೆಗೆ ಹೇಳಿದ. "ಒಳಗಿರೋರಿಗೆ ಹೇಳಿ ಅಮ್ಮ, ಒಂದು ಬಟ್ಟಲು ಅಂತ." ತಮ್ಮ ಒಳಗಿನಿಂದ ಅಂದ. "ಹೊರಗಿರೋರಿಗೆ ಹೇಳಿ ಅಮ್ಮ, ನನಗೂ ಕಿವಿ ಇದೆ ಅಂತ." ರೈಟಮ್ಮನ ಮುಖದಲ್ಲಿ ತಿಂಗಳುಗಳ ನಂತರ ನಗು ಮೂಡಿತು. ಒಂದು ಕಡೆಯ ತುಟಿ ಮಾತ್ರ ಏರಿತು, ಆದರೂ ಅದು ನಗುವೇ.

ಅತ್ತಿಗೆಗೆ ನಗು ಬರಲಿಲ್ಲ. ಅಡುಗೆಕೋಣೆಯ ಬಾಗಿಲಿಗೇ ಹೋಗಿ ನಿಂತು ತಮ್ಮನ ಕೈ, ಉಗುರು, ಮೇಲಂಗಿ ಎಲ್ಲ ನೋಡಿದಳು. ಏನೇನು ಹಾಕುತ್ತೀರಿ, ತುಣುಕು ಇರುತ್ತದೆಯೇ, ಕೆಳಗೆ ಸಕ್ಕರೆ ನೀರು ನಿಲ್ಲುತ್ತದೆಯೇ ಎಂದು ಕೇಳಿದಳು. ಅವನು ಮುಖ ಸಿಂಡರಿಸಿದಾಗ ವಿಷಯ ಹೇಳಿದಳು. ಅವನು ಒಂದು ಬಟ್ಟಲು ತೆಗೆದು, ಬಗ್ಗಿಸಿ, ಅಡಿಯಲ್ಲಿ ನಿಂತಿದ್ದ ಪಾಕವನ್ನೆಲ್ಲ ಬಸಿದು ಕೊಟ್ಟ.

ಮೊದಲ ಚಮಚವನ್ನು ಅತ್ತಿಗೆ ತಾನೇ ಬಾಯಿಗಿಟ್ಟಳು. ಅಷ್ಟು ವರ್ಷಗಳಲ್ಲಿ ಹೊರಗಿನ ಮೊದಲ ತುತ್ತು. ರುಚಿ ಹೇಗಿತ್ತೆಂದು ಅವಳಿಗೆ ಗೊತ್ತಾಗಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ನೀರಾಗುತ್ತದೆಯೇ, ತುಣುಕಾಗುತ್ತದೆಯೇ ಎಂದಷ್ಟೇ ಹುಡುಕಿದಳು. ಆಗಲಿಲ್ಲ. ಎರಡನೆಯ ಚಮಚವನ್ನು ನಾದಿನಿಯ ಬಾಯಿಗೆ ಹಿಡಿದಳು.

ರೈಟಮ್ಮ ಬಾಯಿ ತೆರೆದಳು. ಗದ್ದ ಎದೆಗೆ ತಾಗಿಸಿದಳು. ಕತ್ತಿನ ಗಂಟು ಮೇಲೇರಿತು, ನಿಂತಿತು. ಅಂಗಡಿಯ ಫ್ಯಾನು ತಿರುಗುತ್ತಿತ್ತು, ಹೊರಗೆ ಯಾವುದೋ ಬಸ್ಸು ಹಾರ್ನು ಹಾಕಿತು. ಗಂಟು ಇಳಿಯಿತು.

"ಮಾತಾಡು," ಎಂದಳು ಅತ್ತಿಗೆ.

"ಏನು ಮಾತಾಡಲಿ?"

ಧ್ವನಿ ತಿಳಿಯಾಗಿತ್ತು. ಅತ್ತಿಗೆ ಮುಂದಿನ ಚಮಚ ತುಂಬಿದಳು. ಬಟ್ಟಲು ಖಾಲಿಯಾಗುವಷ್ಟರಲ್ಲಿ ಅವಳ ರವಿಕೆ ಬೆನ್ನಿಗಂಟಿತ್ತು.

ಅಂದಿನಿಂದ ಶುರುವಾಯಿತು ಇವರ ತಿರುಗಾಟ. ಬೆಳಿಗ್ಗೆ ಪರದೆ, ಮಧ್ಯಾಹ್ನ ಅಂಗಡಿ. ಎಲ್ಲಿಗೆ ಹೋಗುವುದೆಂದು ರೈಟಮ್ಮ ಹೇಳುತ್ತಿದ್ದಳು, ಹೋದ ಮೇಲೆ ಏನು ತಿನ್ನುವುದೆಂದು ಅತ್ತಿಗೆ ತೀರ್ಮಾನಿಸುತ್ತಿದ್ದಳು. ಮೇಲ್ಸೇತುವೆಯ ಮೆಟ್ಟಿಲ ಕೆಳಗೆ ಸೂಪು ಮಾರುವ ಹೆಂಗಸು ಇವರಿಗಾಗಿ ಕುಂಬಳಕಾಯಿ ಸೂಪನ್ನು ಪಾತ್ರೆಗೆ ಹತ್ತುವವರೆಗೆ ಕುದಿಸಿ ಕೊಟ್ಟಳು. ಹಳೆಯ ಸಿನೆಮಾ ಮಂದಿರದ ಹಿಂದಿನ ಬೇಕರಿಯವನು ಚಾಕೊಲೇಟ್ ಪುಡ್ಡಿಂಗನ್ನು ಜರಡಿ ಹಿಡಿದು ಕೊಟ್ಟ. ಒಂದೆಡೆ ಕಾಲು ಮುರಿದ ಬೆಂಚು, ಒಂದೆಡೆ ಗೋಡೆ ಕಡೆ ಮುಖ ಮಾಡಿ ನಿಂತು ತಿನ್ನಬೇಕಾದ ಹಲಗೆ, ಇನ್ನೊಂದೆಡೆ ಮೂಲೆಯ ಮೇಜಿನಲ್ಲಿ ದಿನವೂ ಮಲಗುವ ಬೆಕ್ಕು. ಎಲ್ಲ ಕಡೆಯೂ ಅತ್ತಿಗೆ ಮೊದಲು ಒಳಗೆ ನುಗ್ಗುವಳು, ಪ್ರಶ್ನೆ ಕೇಳುವಳು, ಮೊದಲ ಚಮಚ ತಾನು ನುಂಗುವಳು. ಕೆಲವರು ಬೈದರು. ಒಬ್ಬ ಹೋಟೆಲಿನವನು "ಇದೇನು ಆಸ್ಪತ್ರೆನಾ?" ಎಂದು ಬಾಗಿಲು ತೋರಿಸಿದ. ರೈಟಮ್ಮ ಹೊರಗೆ ಬಂದು ತೊದಲುತ್ತಲೇ ಅಂದಳು. "ಬಿಡಿ ಅತ್ತಿಗೆ. ಅವನ ಸಾಸ್ ಯಾವತ್ತೂ ಹುಳಿ."

ಜಗಳವೂ ಆಯಿತು. ಒಂದು ದಿನ ಐಸ್‌ಕ್ರೀಂ ಅಂಗಡಿಯ ಮುಂದೆ ರೈಟಮ್ಮ ನಿಂತುಬಿಟ್ಟಳು. ಮೆತ್ತಗೆ ಇರುತ್ತದಲ್ಲ, ನುಣ್ಣಗೆ ಇರುತ್ತದಲ್ಲ ಎಂದು ವಾದಿಸಿದಳು.

"ಬಾಯಿಗೆ ಹೋದ ತಕ್ಷಣ ನೀರಾಗುತ್ತೆ," ಎಂದಳು ಅತ್ತಿಗೆ. "ಡಾಕ್ಟರಮ್ಮ ಬೇಡ ಅಂದಿದಾಳೆ."

"ಒಂದೇ ಚಮಚ."

"ಆ ಸಲವೂ ಒಂದೇ ಚಮಚ."

ರೈಟಮ್ಮ ಮುಖ ತಿರುಗಿಸಿ ದರದರ ಕಾಲೆಳೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಅತ್ತಿಗೆ ಹಿಂದೆಯೇ ನಡೆದಳು, ಅಂಗಡಿಯ ಕಡೆ ಮಾತ್ರ ಹಿಂತಿರುಗಿ ನೋಡಲಿಲ್ಲ. ಗಂಡನಿಗೆ ಇಷ್ಟೇ ಹೇಳಿದ್ದಳು: ಸ್ವಲ್ಪ ಗಾಳಿಗೆ ಕರೆದುಕೊಂಡು ಹೋಗುತ್ತೇನೆ. ಅವನು ನಂಬಿದ್ದನೋ, ನಂಬಿದಂತೆ ನಟಿಸಿದ್ದನೋ.

ತಪಾಸಣೆ ಹತ್ತಿರ ಬಂತು. ಗಲ್ಲದಲ್ಲಿ ಒಂದಿಷ್ಟು ಮಾಂಸ ಕಂಡಂತೆ ಅತ್ತಿಗೆಗೆ ಅನ್ನಿಸುತ್ತಿತ್ತು. ಮರುಕ್ಷಣವೇ ಅದು ಬರೀ ಆಸೆ ಎನ್ನಿಸುತ್ತಿತ್ತು. ಇನ್ನೊಂದಿಷ್ಟು ಒಳಗೆ ಹೋದರೆ ಸಾಕು ಎಂಬ ಆತುರ ಅವಳನ್ನು ಹಿಡಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳುತ್ತಾರೆಯೇ.

ದೊಡ್ಡ ರಸ್ತೆಯಲ್ಲಿ ಹೊಸದಾಗಿ ತೆರೆದ ಗಾಜಿನ ಅಂಗಡಿ. ಪ್ಲಾಸ್ಟಿಕ್ ಲೋಟಗಳಲ್ಲಿ ಬಿಳಿ, ಗುಲಾಬಿ, ಕಂದು ಬಣ್ಣದ ಸಿಹಿಗಳನ್ನು ಸಾಲಾಗಿ ಇಟ್ಟಿದ್ದರು. ಜನ ಕಿಕ್ಕಿರಿದಿದ್ದರು. ಕೌಂಟರಿನ ಹುಡುಗಿಗೆ ಅತ್ತಿಗೆಯ ಪ್ರಶ್ನೆ ಕೇಳಲು ಪುರುಸೊತ್ತಿರಲಿಲ್ಲ. "ಎಲ್ಲ ಕ್ರೀಮೇ ಆಂಟಿ, ಬೆಣ್ಣೆ ಥರ," ಎಂದು ಒಂದು ಲೋಟ ದೂಡಿದಳು. ಅತ್ತಿಗೆ ಮೇಲಿನಿಂದ ಒಂದು ಚಮಚ ತೆಗೆದು ನೋಡಿದಳು. ನಿಜವಾಗಿಯೂ ಬೆಣ್ಣೆಯೇ. ರೈಟಮ್ಮನಿಗೆ ಒಂದು, ಎರಡು, ಮೂರು ಚಮಚ ಕೊಟ್ಟಳು. ಎಲ್ಲ ಸರಿಯಾಗಿ ಇಳಿಯಿತು. ಆಗ ರೈಟಮ್ಮ "ನಾನೇ ತಿಂತೀನಿ" ಎಂದು ಚಮಚ ಕಸಿದುಕೊಂಡಳು. ತಾನೇ ತಿನ್ನಬೇಕೆಂದು ಅವಳು ಕೇಳಿದ್ದೇ ಅಂದು ಮೊದಲು. ಅತ್ತಿಗೆಗೆ ಹಿಗ್ಗಾಯಿತು, ಬಿಟ್ಟುಕೊಟ್ಟಳು.

ಲೋಟದ ಅಡಿಯಲ್ಲಿ ಬಿಸ್ಕತ್ತಿನ ಪುಡಿಯ ಒಂದು ಪದರವಿತ್ತು. ಚಮಚ ಆಳಕ್ಕೆ ಇಳಿದದ್ದನ್ನು ಅತ್ತಿಗೆ ಕಂಡಳು, ಅದರ ತುದಿಯಲ್ಲಿ ಕಂದು ಬಣ್ಣ ಕಂಡಳು, ಕೈ ಚಾಚಿದಳು. ಅಷ್ಟರಲ್ಲಿ ಚಮಚ ಬಾಯೊಳಗಿತ್ತು.

ರೈಟಮ್ಮನ ಕಣ್ಣು ಅಗಲವಾದವು. ಒಂದು ಸಲ ಕೆಮ್ಮಿದಳು, ಇನ್ನೊಂದು ಸಲ ಕೆಮ್ಮಲು ಹೋದಳು, ಬರಲಿಲ್ಲ. ಎರಡೂ ಕೈ ಕತ್ತಿಗೆ ಹೋದವು. ಮುಖ ಕೆಂಪಾಗಿ, ಕೆಂಪು ಕಪ್ಪಿಗೆ ತಿರುಗತೊಡಗಿತು. ಕುರ್ಚಿ ಹಿಂದಕ್ಕೆ ಉರುಳಿತು. ಸುತ್ತಲಿದ್ದವರು ಎದ್ದು ನಿಂತರು. "ನೀರು ಕೊಡಿ, ನೀರು ಕೊಡಿ" ಎಂದು ಎಲ್ಲರೂ ಒಟ್ಟಿಗೇ ಹೇಳಿದರು. ಕೋಟು ತೊಟ್ಟ ಒಬ್ಬಾತ ನೀರಿನ ಲೋಟ ಹಿಡಿದು ಓಡಿ ಬಂದು, ರೈಟಮ್ಮನ ತಲೆಯನ್ನು ಹಿಂದಕ್ಕೆ ಬಗ್ಗಿಸಿ ಬಾಯಿಗೆ ಹೊಯ್ಯಲು ಹೋದ.

ಜೀವಮಾನದಲ್ಲಿ ಯಾರ ಮೇಲೂ ಕೈಯೆತ್ತದ ಅತ್ತಿಗೆ ಆ ಲೋಟಕ್ಕೆ ಬೀಸಿ ಹೊಡೆದಳು. ಗಾಜು ನೆಲಕ್ಕೆ ಬಿದ್ದು ಚೂರಾಯಿತು. "ನೀರು ಹಾಕಿದ್ರೆ ಸಾಯ್ತಾಳೆ," ಎಂದಳು. ನಾದಿನಿಯನ್ನು ಸೊಂಟದಿಂದ ಮುಂದಕ್ಕೆ ಬಗ್ಗಿಸಿ, ಒಂದು ಕೈಯಲ್ಲಿ ಎದೆಗೆ ಆಸರೆ ಕೊಟ್ಟು, ಇನ್ನೊಂದು ಅಂಗೈಯಿಂದ ಬೆನ್ನಿನ ನಡುವೆ ಗುದ್ದಿದಳು. ಇನ್ನೊಮ್ಮೆ. ಮತ್ತೊಮ್ಮೆ. ಬಟ್ಟೆ ಎಳೆದೆಳೆದು ಗಟ್ಟಿಯಾದ ಕೈ ಅದು. "ಕೆಮ್ಮು," ಎನ್ನುತ್ತಿದ್ದಳು, "ಕೆಮ್ಮು, ನನ್ನ ತಾಯಿ, ಕೆಮ್ಮು." ಕೈಗೆ ಸಿಕ್ಕುತ್ತಿದ್ದುದು ಬರೀ ಮೂಳೆ. ಎಲ್ಲಿ ಮುರಿದುಹೋಗುತ್ತದೋ ಎನ್ನಿಸಿದರೂ ನಿಲ್ಲಿಸಲಿಲ್ಲ.

ಕೊನೆಗೊಂದು ಗುದ್ದಿಗೆ ಹರಿದ ಚೀಲದಿಂದ ಗಾಳಿ ನುಗ್ಗಿದಂಥ ಶಬ್ದ ಬಂತು. ಒದ್ದೆ ಪುಡಿಯ ಒಂದು ಉಂಡೆ ನೆಲಕ್ಕೆ ಬಿತ್ತು. ರೈಟಮ್ಮ ಕೆಮ್ಮಿದಳು, ಉಸಿರೆಳೆದಳು, ಕೆಮ್ಮಿದಳು. ಅತ್ತಿಗೆ ಗಾಜಿನ ಚೂರುಗಳ ನಡುವೆಯೇ ಮಂಡಿಯೂರಿ ಕೂತಳು.

ಅಂದು ಗಂಡನಿಗೆ ಎಲ್ಲ ಹೇಳಲೇಬೇಕಾಯಿತು. ಅವನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಜ್ವರ ಬರದಿದ್ರೆ ಸಾಕು," ಎಂದಷ್ಟೇ ಅಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಡಾಕ್ಟರಮ್ಮನಿಗೆ ಫೋನು ಮಾಡಿದರೆ ಅವಳೂ ಅದನ್ನೇ ಹೇಳಿದಳು: ಉಸಿರಾಟ ನೋಡುತ್ತಿರಿ, ಮೈ ಬಿಸಿಯಾದರೆ ತಡ ಮಾಡದೆ ಬನ್ನಿ. ಒಳಗೆ ಏನಾದರೂ ಇಳಿದಿದೆಯೋ ಇಲ್ಲವೋ ಎಂಬುದನ್ನು ಮೈಯೇ ಹೇಳಬೇಕಿತ್ತು.

ಅತ್ತಿಗೆ ಮೆಷಿನ್ನು ಮುಟ್ಟಲಿಲ್ಲ. ನಾದಿನಿಯ ಹಣೆ ಮುಟ್ಟುವುದೇ ಕೆಲಸವಾಯಿತು. ಮುಟ್ಟಿ ಮುಟ್ಟಿ ತನ್ನ ಕೈ ಬಿಸಿಯೋ ಅವಳ ಹಣೆ ಬಿಸಿಯೋ ತಿಳಿಯದಂತಾಯಿತು. ಒಂದು ಸಂಜೆ ಮೈ ಸ್ವಲ್ಪ ಬೆಚ್ಚಗಿತ್ತು. ಗಂಡ ಹೋಗಿ ಆಟೋದವನನ್ನು ಬಾಗಿಲಲ್ಲಿ ತಂದು ನಿಲ್ಲಿಸಿದ. ಹೋಗೋಣವೋ, ಇನ್ನೊಂದು ಗಳಿಗೆ ನೋಡೋಣವೋ ಎಂದು ಮೂವರೂ ಮುಖ ಮುಖ ನೋಡಿಕೊಂಡರು. ರೈಟಮ್ಮ ಹೊದಿಕೆ ಕಿತ್ತೆಸೆದಳು. "ಎರಡು ಕಂಬಳಿ ಹೊದಿಸಿದ್ರೆ ಕಲ್ಲೂ ಬೆಚ್ಚಗಾಗುತ್ತೆ," ಎಂದಳು. ಹೊದಿಕೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮೈ ತಣ್ಣಗಿತ್ತು. ಆಟೋದವನು ಸುಮ್ಮನೆ ಕಾಯ್ದದ್ದಕ್ಕೆ ಗೊಣಗಿಕೊಂಡು ಹೋದ. ಜ್ವರ ಬರಲಿಲ್ಲ.

ಭಯ ಮಾತ್ರ ಹೋಗಲಿಲ್ಲ. ಅತ್ತಿಗೆ ಮತ್ತೆ ಬೂದು ಹಿಟ್ಟು ರುಬ್ಬಿದಳು. ರೈಟಮ್ಮ ಗೋಡೆ ಹಿಡಿದು ನಡೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಕಾಲಲ್ಲಿ ಚಪ್ಪಲಿಯಿತ್ತು.

"ಎಲ್ಲಿಗೆ?" ಎಂದಳು ಅತ್ತಿಗೆ.

"ಕಸ್ಟರ್ಡ್ ಅಂಗಡಿಗೆ."

"ನನ್ನ ಕೈಲಿ ಆಗಲ್ಲ. ಎರಡು ಸಲ ನಿನ್ನನ್ನ ಸಾವಿನ ಬಾಯಿಗೆ ನೂಕಿದೀನಿ. ಮೂರನೇ ಸಲ ನನ್ನ ಕೈಲಿ ಆಗಲ್ಲ."

"ಬಸ್ಸು ಒಂದು ಸಲ ಗುಂಡಿಗೆ ಬಿತ್ತು ಅಂತ ರೂಟ್ ಕ್ಯಾನ್ಸಲ್ ಮಾಡ್ತಾರಾ ಅತ್ತಿಗೆ?"

"ತಮಾಷೆ ಬೇಡ."

"ತಮಾಷೆ ಅಲ್ಲ." ರೈಟಮ್ಮ ಒಂದೊಂದೇ ಮಾತನ್ನು ಕಷ್ಟಪಟ್ಟು ಕೂಡಿಸಿದಳು. "ಆ ಚಮಚ ಅವತ್ತು ನಾನು ಕಸಿದುಕೊಂಡೆ. ನೀವು ಕೊಟ್ಟಿದ್ದಲ್ಲ. ನನಗೂ ಹೆದರಿಕೆ ಇದೆ. ಪ್ರತಿ ತುತ್ತಿಗೂ ಇದೆ. ಆದ್ರೂ ತಿನ್ನಬೇಕು ಅನ್ಸುತ್ತೆ. ಮನೇಲಿ ಕೂತರೆ ಅದೂ ಅನ್ಸಲ್ಲ. ಅನ್ಸೋದು ನಿಂತುಹೋದ್ರೆ ಆ ನಳಿಕೆ ಹಾಕಿ ಏನು ಮಾಡ್ತೀರಿ?"

ಅತ್ತಿಗೆ ಒಲೆಯ ಕಡೆ ಮುಖ ಮಾಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಲೆ ಆರಿಸಿದಳು. ಚೀಲಕ್ಕೆ ಚಮಚ ಹಾಕಿಕೊಂಡಳು. ಬಾಗಿಲಲ್ಲಿ ಗಂಡ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಿದ್ದ. ಇಬ್ಬರನ್ನೂ ನೋಡಿದ, ಚೀಲ ಕೆಳಗಿಟ್ಟ. "ನಾನೂ ಬರ್ತೀನಿ," ಅಂದ. "ಯಾರದೋ ನಲ್ಲಿ ಒಂದು ದಿನ ಸೋರಲಿ."

ಅಂದಿನಿಂದ ಅತ್ತಿಗೆ ಬಟ್ಟಲಿನ ಮೇಲ್ಭಾಗವನ್ನಷ್ಟೇ ಅಲ್ಲ, ತಳವನ್ನೂ ಕೆದಕಿ ನೋಡುತ್ತಿದ್ದಳು. ಅರ್ಧ ಅಲ್ಲೇ ಖಾಲಿಯಾಗುತ್ತಿತ್ತು. ಹಾಗಾಗಿ ಎಲ್ಲೆಡೆ ಎರಡು ಬಟ್ಟಲು ಹೇಳುವುದು ರೂಢಿಯಾಯಿತು.

ತಪಾಸಣೆಯ ದಿನ ರೈಟಮ್ಮನನ್ನು ತಕ್ಕಡಿಯ ಮೇಲೆ ನಿಲ್ಲಿಸಿದಾಗ ಅತ್ತಿಗೆ ಕಿಟಕಿಯ ಪರದೆ ನೋಡುತ್ತ ನಿಂತಳು. ಅಂಚಿನ ಹೊಲಿಗೆ ವಕ್ರವಾಗಿತ್ತು, ಯಾರೋ ಅವಸರದಲ್ಲಿ ಹೊಲಿದದ್ದು. ಡಾಕ್ಟರಮ್ಮ ಬಗ್ಗಿ ಅಂಕಿ ನೋಡಿದಳು. ಇಳಿಸಿ ಮತ್ತೊಮ್ಮೆ ನಿಲ್ಲಿಸಿದಳು. ಆಮೇಲೆ ಒಳಗೆ ಕರೆದೊಯ್ದು ಗಂಟಲನ್ನು ಯಂತ್ರದಲ್ಲಿ ನೋಡಿದಳು, ಬಣ್ಣದ ಏನನ್ನೋ ನುಂಗಿಸಿದಳು. ಹೊರಗೆ ಬೆಂಚಿನ ಮೇಲೆ ಗಂಡಹೆಂಡಿರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತಿದ್ದರು. ಮದುವೆಯ ಮಂಟಪದ ನಂತರ ನಾಲ್ಕು ಜನರ ಮುಂದೆ ಹಾಗೆ ಕೂತವರಲ್ಲ.

ಬಾಗಿಲು ತೆರೆಯಿತು. "ತೂಕ ಇಳಿದಿಲ್ಲ," ಎಂದಳು ಡಾಕ್ಟರಮ್ಮ. "ಸ್ವಲ್ಪ ಏರಿದೆ. ಗಂಟಲ ಬಾಗಿಲು ಮುಂಚಿಗಿಂತ ಬೇಗ ಮುಚ್ತಿದೆ. ನಳಿಕೆ ಈಗ ಬೇಡ. ಏನು ಕೊಡ್ತಿದೀರಿ ಇವರಿಗೆ?"

ಅತ್ತಿಗೆ ಬಾಯಿ ತೆರೆದಳು, ಹೇಳಲು ಹೋದಳು, ಅಳು ಬಂತು. ರೈಟಮ್ಮನೇ ಉತ್ತರ ಕೊಟ್ಟಳು. "ಊರು ತಿನ್ನಿಸ್ತಿದಾರೆ."

ಮುಂದಿನದು ನಿಧಾನದ ಕತೆ. ನುಣ್ಣನೆಯದರಿಂದ ಮೆತ್ತನೆಯದಕ್ಕೆ, ಮೆತ್ತನೆಯದರಿಂದ ಹಾಲಲ್ಲಿ ನೆನೆಸಿದ ಕೇಕಿಗೆ, ಅಲ್ಲಿಂದ ಬೆಂದ ಅನ್ನಕ್ಕೆ. ನಡುವೆ ಎರಡು ಸಲ ಮತ್ತೆ ಸಿಕ್ಕಿಕೊಂಡು ಎಲ್ಲರ ಜೀವ ಬಾಯಿಗೆ ಬಂತು. ಬೇಸಿಗೆ ಕಳೆಯುವಷ್ಟರಲ್ಲಿ ಡಾಕ್ಟರಮ್ಮ ತೆಳು ದ್ರವಕ್ಕೂ ಒಪ್ಪಿಗೆ ಕೊಟ್ಟಳು, ಗದ್ದ ಬಗ್ಗಿಸಿಯೇ ಕುಡಿಯಬೇಕೆಂಬ ಷರತ್ತಿನ ಮೇಲೆ. ಬಸ್ಸಿನ ಕೆಲಸ ಮಾತ್ರ ಮರಳಿ ಬರಲಿಲ್ಲ. ಓಡುವ ಬಸ್ಸಿನಲ್ಲಿ ನಿಲ್ಲುವಷ್ಟು ಕಾಲಿಗೆ ಬಲ ಬರಲಿಲ್ಲ. ಡಿಪೋದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರಿಸಿದರು. ರೈಟಮ್ಮ ತನ್ನ ಕೋಣೆಗೆ ಮರಳುತ್ತೇನೆಂದಳು. ಅತ್ತಿಗೆ ವಾರಗಟ್ಟಲೆ ಒಂದಲ್ಲ ಒಂದು ನೆಪ ಹೇಳಿ ತಡೆದಳು. ಕೊನೆಗೆ ನೆಪ ಮುಗಿದವು.

ಕೆಲಸದ ಮೊದಲ ದಿನ ಊಟದ ಹೊತ್ತಿಗೆ ಅತ್ತಿಗೆಗೆ ಮೆಷಿನ್ನಿನ ಮುಂದೆ ಕೂರಲಾಗಲಿಲ್ಲ. ಬಸ್ಸು ಹತ್ತಿ ಡಿಪೋಗೆ ಹೋದಳು. ಕ್ಯಾಂಟೀನಿನ ಕಿಟಕಿಯ ಹೊರಗೆ, ಕಂಬದ ಮರೆಯಲ್ಲಿ, ಕಳ್ಳಿಯಂತೆ ನಿಂತಳು. ಒಳಗೆ ಉದ್ದನೆಯ ಮೇಜು. ಡ್ರೈವರುಗಳ ನಡುವೆ ನಾದಿನಿ. ಏನೋ ಹೇಳುತ್ತ ತುತ್ತು ಬಾಯಿಗಿಟ್ಟಳು. ಮಾತಾಡುತ್ತ ತಿನ್ನಬೇಡವೆಂದು ಸಾವಿರ ಸಲ ಹೇಳಿದ್ದೆ ಎಂದು ಅತ್ತಿಗೆ ಹಲ್ಲು ಕಚ್ಚಿದಳು. ಅಷ್ಟರಲ್ಲಿ ರೈಟಮ್ಮ ಕೆಮ್ಮಿದಳು. ಅತ್ತಿಗೆಯ ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು. ಒಳಗೆ ರೈಟಮ್ಮ ಒಂದು ಕೈಯೆತ್ತಿ ಎದುರಿನವನಿಗೆ ತಾಳು ಎಂದಳು. ಇನ್ನೊಮ್ಮೆ ಕೆಮ್ಮಿದಳು. ಗದ್ದ ಎದೆಗೆ ತಾಗಿಸಿದಳು, ನುಂಗಿದಳು, ತಲೆ ಎತ್ತಿ ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಿದಳು. ಮೇಜಿನ ಸುತ್ತ ನಗು ಎದ್ದಿತು.

ಅತ್ತಿಗೆ ಬಾಗಿಲಿನಿಂದ ಕೈ ತೆಗೆದಳು. ಯಾರೂ ನೋಡದಂತೆ ಗೇಟು ದಾಟಿ ರಸ್ತೆಗೆ ಬಂದಾಗ ನೆನಪಾಯಿತು, ಬೆಳಿಗ್ಗೆಯಿಂದ ತನ್ನ ಹೊಟ್ಟೆಗೆ ಏನೂ ಬಿದ್ದಿಲ್ಲ. ರಸ್ತೆಯಾಚೆ ಒಂದು ಸಣ್ಣ ಅಂಗಡಿ, ಎರಡೇ ಮೇಜು, ಬಾಗಿಲಿಗೆ ಮಾಸಿದ ಪರದೆ. ಇಬ್ಬರೂ ಎಂದೂ ಹೋಗದ ಅಂಗಡಿ. ಅತ್ತಿಗೆ ಪರದೆ ಸರಿಸಿ ಒಳಗೆ ಹೋಗಿ ಕೂತಳು.

ಅಂಗಡಿಯಾಕೆ ಮೇಜು ಒರೆಸುತ್ತ ಕೇಳಿದಳು. "ಏನು ಕೊಡಲಿ ಅಕ್ಕ?"

ಅತ್ತಿಗೆ ಸ್ವಲ್ಪ ಯೋಚಿಸಿದಳು. ತಿಂಗಳುಗಟ್ಟಲೆ ನಾದಿನಿಯ ಜೊತೆ ತಾನೂ ಬರೀ ನುಣ್ಣನೆಯದನ್ನೇ ನುಂಗಿಕೊಂಡು ಬಂದಿದ್ದಳು.

"ಕರುಂ ಅಂತ ಅಗಿಯೋಂಥದ್ದು ಏನಿದೆ?" ಎಂದಳು.